ಬ್ಯಾಂಡ್‌ಗೆ ಬರೆದುಕೊಡುವುದೂ ಕೆಲಸವೇ

ಆಗಸ್ಟ್ 15ರ ಬೆಳಿಗ್ಗೆ ನಿಮ್ಮೂರಿನ ಮೈದಾನದಲ್ಲಿ ಶಾಲಾ ಬ್ಯಾಂಡ್ ಹೆಜ್ಜೆ ಹಾಕುತ್ತಾ ಹೋಗುವುದನ್ನು ನೀವೂ ನೋಡಿರುತ್ತೀರಿ. ಮುಂದೆ ಕೋಲು ತಿರುಗಿಸುವ ಲೀಡರ್‌ಗೆ ಚಪ್ಪಾಳೆ ಬೀಳುತ್ತದೆ. ಬ್ಯಾಂಡ್ ಮಾಸ್ಟರ್‌ಗೆ ಶಾಲು ಹೊದಿಸುತ್ತಾರೆ. ಹಾಡು ಯಾರದ್ದು ಎಂದು ಮೈಕಿನಲ್ಲಿ ಹೇಳುತ್ತಾರೆ. ಆದರೆ ಆ ಒಂದು ಹಾಡನ್ನು ನಲವತ್ತು ಮಕ್ಕಳ ಬಾಯಿಗೆ, ಬೆರಳಿಗೆ, ಕೋಲಿಗೆ ಹಂಚಿದವರು ಯಾರು? ಎರಡನೇ ಟ್ರಂಪೆಟ್‌ನ ಹುಡುಗಿ ಯಾವ ಸ್ವರ ಊದಬೇಕು, ಬಾಸ್ ಡ್ರಮ್ ಎಲ್ಲಿ ಸುಮ್ಮನಿರಬೇಕು, ಯಾರು ಎಲ್ಲಿ ಉಸಿರು ಎಳೆದುಕೊಳ್ಳಬೇಕು ಎಂದು ಕಾಗದದ ಮೇಲೆ ಬರೆದುಕೊಟ್ಟವರು ಯಾರು? ಈ ಪ್ರಶ್ನೆ ಯಾರಿಗೂ ಹೊಳೆಯುವುದೇ ಇಲ್ಲ.

ಆ ಕೆಲಸಕ್ಕೆ ಅರೇಂಜಿಂಗ್ ಎನ್ನುತ್ತಾರೆ, ಮಾಡುವವರು ಅರೇಂಜರ್. ನನಗೆ ಈಗ ಇಪ್ಪತ್ತು ವರ್ಷ. ಮೈಸೂರಿನಲ್ಲಿ ಬಿಇ ಓದುತ್ತಿದ್ದೇನೆ, ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್, ಮೂರನೇ ವರ್ಷ. ಹೈಸ್ಕೂಲಿನ ಬ್ಯಾಂಡ್‌ನಲ್ಲಿ ಯುಫೋನಿಯಂ ಊದುತ್ತಿದ್ದೆ. ಎರಡು ವರ್ಷದಿಂದ ಶಾಲಾ ಬ್ಯಾಂಡ್‌ಗಳಿಗೆ ಹಾಡು ಹೊಂದಿಸಿ, ನೋಟೇಷನ್ ಬರೆದು ಕೊಡುತ್ತಿದ್ದೇನೆ. ನನ್ನ ವಾದ ಇಷ್ಟೇ: ಇದು ಹವ್ಯಾಸವಲ್ಲ, ಕೆಲಸ. ಕೆಲಸ ಅಂದ ಮೇಲೆ ಅದಕ್ಕೊಂದು ದರ ಇರಬೇಕು, ಕಾಗದದ ಮೇಲೆ ಮಾಡಿದವರ ಹೆಸರು ಇರಬೇಕು. ಇವೆರಡನ್ನೂ ಬಾಯಿಬಿಟ್ಟು ಕೇಳುವುದನ್ನು ನಮ್ಮ ವಯಸ್ಸಿನವರು ಮೊದಲ ಕೆಲಸದಿಂದಲೇ ಕಲಿಯಬೇಕು. ಬ್ಯಾಂಡ್‌ಗೆ ಮಾತ್ರವಲ್ಲ, ಪೋಸ್ಟರ್ ಡಿಸೈನ್ ಮಾಡುವ, ವಿಡಿಯೊ ಎಡಿಟ್ ಮಾಡುವ, ಅನುವಾದ ಮಾಡಿಕೊಡುವ ಎಲ್ಲ ಗೆಳೆಯರಿಗೂ ಈ ಮಾತು ಅನ್ವಯಿಸುತ್ತದೆ.

ಮಾಡುವ ಕೆಲಸವೇನು?

‘ಹಾಡು ಮೊದಲೇ ಇದೆಯಲ್ಲ, ನೀನು ಮಾಡೋದೇನು?’ ಎಂದು ನನ್ನ ಮನೆಯಲ್ಲೇ ಕೇಳಿದ್ದಾರೆ. ತಪ್ಪಿಲ್ಲ, ಹೊರಗಿನಿಂದ ಹಾಗೇ ಕಾಣುತ್ತದೆ. ಸಂಯೋಜಕರು ಹಾಡು ಕಟ್ಟುತ್ತಾರೆ. ಅರೇಂಜರ್ ಆ ಹಾಡನ್ನು ಇಂಥದ್ದೇ ಬ್ಯಾಂಡ್, ಇಂಥದ್ದೇ ವಾದಕರು, ಇಂಥದ್ದೇ ಮೈದಾನಕ್ಕೆ ಹೊಂದಿಸುತ್ತಾರೆ.

ಮೊದಲ ತೊಡಕು ವಾದ್ಯಗಳದ್ದೇ. ಬ್ಯಾಂಡ್‌ನ ಹೆಚ್ಚಿನ ವಾದ್ಯಗಳು ಕಾಗದದಲ್ಲಿ ಬರೆದ ಸ್ವರವನ್ನು ಹಾಗೇ ನುಡಿಸುವುದಿಲ್ಲ. ಬಿ-ಫ್ಲಾಟ್ ಟ್ರಂಪೆಟ್‌ನಿಂದ ‘ಸಿ’ ಸ್ವರ ಕೇಳಿಸಬೇಕಾದರೆ ‘ಡಿ’ ಎಂದು ಬರೆಯಬೇಕು. ಎಫ್ ಮೆಲೋಫೋನ್‌ಗೆ ಅದೇ ಸ್ವರವನ್ನು ‘ಜಿ’ ಎಂದು, ಇ-ಫ್ಲಾಟ್ ಆಲ್ಟೊ ಸ್ಯಾಕ್ಸೊಫೋನ್‌ಗೆ ‘ಎ’ ಎಂದು ಬರೆಯಬೇಕು. ನಾಲ್ಕು ವಾದ್ಯ ಒಂದೇ ಸ್ವರ ನುಡಿಸಿದರೂ ನಾಲ್ಕು ಕಾಗದದಲ್ಲಿ ನಾಲ್ಕು ಬೇರೆ ಸ್ವರಗಳಿರಬಹುದು. ಇದನ್ನು ಸಾಫ್ಟ್‌ವೇರ್ ಮಾಡಿಕೊಡುತ್ತದೆ, ಸರಿ. ಆದರೆ ಹಾಗೆ ಬದಲಾದ ಸ್ವರಗಳು ಏಳನೇ ತರಗತಿಯ ಹುಡುಗನ ಕೈಗೆ ಎಟುಕುತ್ತವೆಯೇ ಎಂದು ಸಾಫ್ಟ್‌ವೇರ್ ಹೇಳುವುದಿಲ್ಲ.

ನಿಜವಾದ ಕೆಲಸ ಅಲ್ಲಿಂದ ಶುರು. ಹೊಸ ಬ್ಯಾಂಡ್‌ಗೆ ಬರೆಯುವ ಮುನ್ನ ನಾನು ಒಮ್ಮೆ ಅವರ ಪ್ರಾಕ್ಟೀಸ್‌ಗೆ ಹೋಗಿ ಕುಳಿತುಕೊಳ್ಳುತ್ತೇನೆ. ಯಾರಿಗೆ ಎಷ್ಟು ಮೇಲಿನ ಸ್ವರ ಬರುತ್ತದೆ ಎಂದು ಹೆಸರಿನ ಮುಂದೆ ಬರೆದುಕೊಳ್ಳುತ್ತೇನೆ. ಒಬ್ಬ ಹುಡುಗನ ಹಲ್ಲಿಗೆ ಕ್ಲಿಪ್ ಹಾಕಿರುತ್ತಾರೆ, ಮೇಲಿನ ಸ್ವರ ಊದಿದರೆ ತುಟಿ ನೋಯುತ್ತದೆ. ಒಬ್ಬಳು ಜಾಣೆ, ಆದರೆ ಪರೀಕ್ಷೆಯ ಕಾರಣ ಮೆರವಣಿಗೆಯ ದಿನ ಬರುವುದು ಖಾತ್ರಿಯಿಲ್ಲ. ಆದ್ದರಿಂದ ಮುಖ್ಯ ಧಾಟಿಯನ್ನು ಅವಳೊಬ್ಬಳಿಗೇ ಕೊಡುವಂತಿಲ್ಲ. ಟ್ಯೂಬಾ ಒಂದೇ ಇದೆ, ಅದರ ಒಂದು ವಾಲ್ವ್ ಸಿಕ್ಕಿಹಾಕಿಕೊಳ್ಳುತ್ತದೆ. ಆ ವಾಲ್ವ್ ಒತ್ತಬೇಕಾದ ಸ್ವರಗಳನ್ನು ಆದಷ್ಟು ತಪ್ಪಿಸಬೇಕು. ನಮ್ಮ ಎಂಜಿನಿಯರಿಂಗ್ ಪುಸ್ತಕದ ಲೆಕ್ಕಗಳಲ್ಲಿ ಘರ್ಷಣೆ ಇಲ್ಲ ಎಂದುಕೊಳ್ಳಿ, ತಂತಿಗೆ ತೂಕವಿಲ್ಲ ಎಂದುಕೊಳ್ಳಿ ಎಂದಿರುತ್ತದೆ. ಇಲ್ಲಿ ಹಾಗೆ ಅಂದುಕೊಳ್ಳುವ ಸೌಲಭ್ಯವಿಲ್ಲ.

ಇನ್ನು ನಡೆಯುತ್ತಾ ಊದುವುದು ಬೇರೆಯೇ ಕಷ್ಟ. ನಮ್ಮ ಎನ್‌ಸಿಸಿ ಡ್ರಿಲ್‌ನ ತೇಜ್ ಚಲ್ ಅಂದರೆ ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಅಂಗುಲ. ಆ ವೇಗದಲ್ಲಿ ಹಿತ್ತಾಳೆಯ ಭಾರ ಹೊತ್ತು ನಡೆಯುವ ಮಗುವಿಗೆ ಕುರ್ಚಿಯಲ್ಲಿ ಕೂತವರಷ್ಟು ದೀರ್ಘ ಉಸಿರು ಇರುವುದಿಲ್ಲ. ಆದ್ದರಿಂದ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳದಂತೆ, ಒಬ್ಬರು ಬಿಟ್ಟಾಗ ಇನ್ನೊಬ್ಬರು ಹಿಡಿದಿರುವಂತೆ ಬರೆಯಬೇಕು. ಕೇಳುವವರಿಗೆ ಧಾಟಿ ಎಲ್ಲೂ ಕಡಿಯಬಾರದು.

ನಮ್ಮ ರಾಗಗಳ ಕಥೆ ಇನ್ನೊಂದು. ಮೋಹನದಂಥ ಐದು ಸ್ವರದ ರಾಗ ಹಿತ್ತಾಳೆ ವಾದ್ಯಗಳಲ್ಲಿ ಚೆನ್ನಾಗಿ ಕೂರುತ್ತದೆ. ಗಮಕವೇ ಜೀವಾಳವಾದ ರಾಗವನ್ನು ಮೂರು ವಾಲ್ವ್‌ಗಳ ಟ್ರಂಪೆಟ್‌ಗೆ ಬರೆಯಲು ಕೂತರೆ ಬೆವರು ಬರುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು, ಯಾವುದನ್ನು ಜಾರುವ ಟ್ರಾಂಬೋನ್‌ಗೆ ಒಪ್ಪಿಸಬೇಕು ಎಂಬ ತೀರ್ಮಾನಕ್ಕೆ ಒಂದೊಂದು ಸಂಜೆ ಹೋಗುತ್ತದೆ. ಎರಡೂವರೆ ನಿಮಿಷದ ಹಾಡಿಗೆ ಹತ್ತು–ಹದಿನೈದು ದಿನದ ಸಂಜೆಗಳು ಹಿಡಿಯುವುದು ಹೀಗೆ.

ಅಲ್ಲಿ ಹೇಗಿದೆ?

ಈ ಕೆಲಸ ಒಂದು ವೃತ್ತಿಯಾಗಿ ಬೆಳೆದು ನಿಂತಿರುವ ದೇಶ ಅಮೆರಿಕ. ಅಲ್ಲಿನ ಹೈಸ್ಕೂಲು, ಕಾಲೇಜುಗಳಲ್ಲಿ ಫುಟ್‌ಬಾಲ್ ಪಂದ್ಯದ ನಡುವಿನ ಬಿಡುವಿನಲ್ಲಿ ಮಾರ್ಚಿಂಗ್ ಬ್ಯಾಂಡ್ ಮೈದಾನಕ್ಕೆ ಇಳಿಯುತ್ತದೆ. ಅದರದ್ದೇ ಇನ್ನೊಂದು ಕವಲು ಡ್ರಮ್ ಕೋರ್. ಮೊದಲ ಮಹಾಯುದ್ಧದ ನಂತರ ಮಾಜಿ ಸೈನಿಕರ ಸಂಘಗಳ ಆಸರೆಯಲ್ಲಿ ಬ್ಯೂಗಲ್, ಡ್ರಮ್ ಹಿಡಿದು ಬೆಳೆದ ತಂಡಗಳಿವು. ಇಲ್ಲಿ ಕ್ಲಾರಿನೆಟ್, ಕೊಳಲು ಇಲ್ಲ; ಹಿತ್ತಾಳೆ, ತಾಳವಾದ್ಯ ಮತ್ತು ಬಾವುಟ ಬೀಸುವ ಕಲರ್ ಗಾರ್ಡ್ ಮಾತ್ರ. 1971ರಲ್ಲಿ ‘ಡ್ರಮ್ ಕೋರ್ ಇಂಟರ್‌ನ್ಯಾಷನಲ್’ ಎಂಬ ಸಂಸ್ಥೆ ಹುಟ್ಟಿತು. 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಷಿಪ್ ನಡೆಯಿತು. ಈಗ ಪ್ರತಿ ಆಗಸ್ಟ್‌ನಲ್ಲಿ ಫೈನಲ್ ನಡೆಯುವುದು ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂನಲ್ಲಿ. ವಾದಕರೆಲ್ಲ ಹೆಚ್ಚುಕಡಿಮೆ ನಮ್ಮ ವಯಸ್ಸಿನವರೇ, ಕಾಲೇಜು ಹುಡುಗ ಹುಡುಗಿಯರು. ಸಂಬಳ ಇಲ್ಲ. ಬದಲಿಗೆ ಅವರೇ ಸಾವಿರಾರು ಡಾಲರ್ ಶುಲ್ಕ ಕಟ್ಟಿ ಬೇಸಿಗೆಯಿಡೀ ಬಸ್ಸಿನಲ್ಲಿ ಊರೂರು ಸುತ್ತುತ್ತಾರೆ.

ಒಂದು ಶೋ ಹನ್ನೊಂದು–ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷವನ್ನು ಬರೆಯುವವರು ಒಬ್ಬರಲ್ಲ. ಹಿತ್ತಾಳೆ ವಾದ್ಯಗಳಿಗೆ ಒಬ್ಬ ಅರೇಂಜರ್. ನಡೆಯುತ್ತಾ ಬಾರಿಸುವ ಡ್ರಮ್‌ಗಳಿಗೆ, ಮುಂದೆ ನಿಂತು ನುಡಿಸುವ ಮರಿಂಬಾ, ವೈಬ್ರಾಫೋನ್‌ಗಳಿಗೆ ಬೇರೆ ಅರೇಂಜರ್‌ಗಳು. ಯಾರು ಯಾವ ತಾಳಕ್ಕೆ ಎಲ್ಲಿ ಹೆಜ್ಜೆ ಇಡಬೇಕು ಎಂದು ನಕ್ಷೆ ಬರೆಯಲು ಡ್ರಿಲ್ ಡಿಸೈನರ್. ಇವರಲ್ಲಿ ಬಹಳ ಮಂದಿ ಫ್ರೀಲಾನ್ಸರ್‌ಗಳು. ಒಂದೇ ವರ್ಷ ಹಲವು ಶಾಲೆ, ತಂಡಗಳಿಗೆ ಬರೆಯುತ್ತಾರೆ. ಬ್ಲೂ ಡೆವಿಲ್ಸ್ ತಂಡಕ್ಕೆ ದಶಕಗಳ ಕಾಲ ಹಿತ್ತಾಳೆ ಸಂಗೀತ ಬರೆದ ವೇಯ್ನ್ ಡೌನಿ, ಕೆಡೆಟ್ಸ್ ತಂಡಕ್ಕೂ 1984ರ ಲಾಸ್ ಏಂಜಲೀಸ್ ಹಾಗೂ 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೂ ಸಂಗೀತ ಹೊಂದಿಸಿದ ಜೇ ಬೊಕೂಕ್ ಅವರ ಹೆಸರು ಅಲ್ಲಿನ ಬ್ಯಾಂಡ್ ಮಕ್ಕಳಿಗೆ ಗೊತ್ತು. ನಮ್ಮಲ್ಲಿ ಸಿನಿಮಾ ಸಂಗೀತ ನಿರ್ದೇಶಕರ ಹೆಸರು ಹೇಳುವಂತೆ ಅವರು ಅರೇಂಜರ್ ಹೆಸರು ಹೇಳುತ್ತಾರೆ.

ನನ್ನಂಥ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಆ ಮೈದಾನದಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಅಮೆರಿಕನ್ ಫುಟ್‌ಬಾಲ್ ಮೈದಾನದ ಉದ್ದ, ಗೋಲಿನಿಂದ ಗೋಲಿಗೆ, 100 ಗಜ. ಸುಮಾರು 91 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ ಈ ತುದಿಯ ಟ್ರಂಪೆಟ್ ಸದ್ದು ಆ ತುದಿಗೆ ಮುಟ್ಟಲು ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ನಿಮಿಷಕ್ಕೆ 120 ತಾಳದ ವೇಗದಲ್ಲಿ ಒಂದು ತಾಳಕ್ಕೆ ಸಿಗುವುದೇ ಅರ್ಧ ಸೆಕೆಂಡ್. ಹಾಗಾಗಿ ಕಿವಿಗೆ ಬಿದ್ದ ಸದ್ದಿಗೆ ಸರಿಯಾಗಿ ನುಡಿಸಿದರೆ ಅರ್ಧ ತಾಳಕ್ಕಿಂತ ಹೆಚ್ಚು ಹಿಂದೆ ಬಿದ್ದಿರುತ್ತೀರಿ! ಅದಕ್ಕೇ ಅವರಲ್ಲೊಂದು ಪದ್ಧತಿ: ಹಿಂದೆ ಇರುವವರು ಡ್ರಮ್ ಮೇಜರ್‌ನ ಕೈ ನೋಡಬೇಕು, ಮುಂದೆ ಇರುವವರು ಹಿಂದಿನಿಂದ ಬರುವ ಸದ್ದಿಗೆ ಕಿವಿಗೊಡಬೇಕು. ಅರೇಂಜರ್ ಈ ತಡವನ್ನು ತಲೆಯಲ್ಲಿಟ್ಟುಕೊಂಡೇ ಬರೆಯಬೇಕು. ತಂಡ ಮೈದಾನದ ಎರಡು ತುದಿಗೆ ಹರಡಿದ್ದಾಗ ಚುರುಕಾದ ಪ್ರಶ್ನೋತ್ತರದಂಥ ಸಂಗೀತ ಬರೆದರೆ ಕಾಗದದಲ್ಲಿ ಚೆಂದ, ಮೈದಾನದಲ್ಲಿ ಗೊಂದಲ.

ಕಳೆದ ವರ್ಷ ಅಮೆರಿಕದ ಹೈಸ್ಕೂಲ್ ಬ್ಯಾಂಡ್‌ಗಳಿಗೆ ಬರೆಯುವ ಒಬ್ಬ ಅರೇಂಜರ್‌ಗೆ ಸಣ್ಣ ಕೆಲಸ ಮಾಡಿಕೊಟ್ಟೆ. ಪೂರ್ತಿ ಸ್ಕೋರ್‌ನಿಂದ ಒಂದೊಂದು ವಾದ್ಯದ ಪಾರ್ಟ್ ಬಿಡಿಸಿ, ಪುಟ ತಿರುವಲು ಕಷ್ಟವಾಗದಂತೆ ಜೋಡಿಸುವ ಕೆಲಸ. ಸಂಗೀತ ಫೈಲಿಗಿಂತ ಮೊದಲು ಬಂದದ್ದು ಎರಡು ಪುಟದ ಒಪ್ಪಂದ. ಎಷ್ಟು ಪಾರ್ಟ್, ಯಾವ ದಿನಾಂಕ, ಎಷ್ಟು ಸಲದ ತಿದ್ದುಪಡಿ ಈ ಹಣದೊಳಗೆ, ಅದಕ್ಕಿಂತ ಹೆಚ್ಚಾದರೆ ಎಷ್ಟು, ಹಣ ಯಾವಾಗ, ಕೆಲಸ ಮಾಡಿದವರ ಹೆಸರು ಎಲ್ಲಿ ಅಚ್ಚಾಗುತ್ತದೆ ಎಲ್ಲವೂ ಅದರಲ್ಲಿತ್ತು. ಹಣ ದೊಡ್ಡದೇನಲ್ಲ. ಆದರೆ ಕೆಲಸ ಮುಗಿದ ಮೇಲೆ ಯಾರಿಗೂ ನೆನಪಿಸಬೇಕಾಗಲಿಲ್ಲ, ಯಾರ ಮುಂದೆಯೂ ಸಂಕೋಚದಿಂದ ಕೈಹಿಸುಕಬೇಕಾಗಲಿಲ್ಲ.

ಹಾಗೆಂದು ಅಲ್ಲಿ ಎಲ್ಲವೂ ಹೂವಿನ ಹಾಸಿಗೆ ಅಂತಲ್ಲ. ಕೆಲಸ ಋತುಮಾನದ್ದು, ಚಳಿಗಾಲದಿಂದ ಬೇಸಿಗೆಯವರೆಗೆ ಬರೆಯುವ ಭರಾಟೆ, ಆಮೇಲೆ ತಿದ್ದುಪಡಿ. ಸ್ಪರ್ಧೆಯ ಅಂಕ ನೋಡಿಕೊಂಡು ಸೀಸನ್ ನಡುವೆಯೇ ಶೋ ಬದಲಾಗುತ್ತದೆ, ಅರೇಂಜರ್ ನಿದ್ದೆಗೆಡಬೇಕಾಗುತ್ತದೆ. ತಂಡಗಳೂ ಶಾಶ್ವತವಲ್ಲ. 1934ರಲ್ಲಿ ಶುರುವಾಗಿ ಹತ್ತಾರು ಪದಕ ಗೆದ್ದ ಕೆಡೆಟ್ಸ್ ತಂಡ 2024ರಲ್ಲಿ ಮುಚ್ಚಿಹೋಯಿತು. ಅದೇ ವರ್ಷ ಆಗಸ್ಟ್‌ನಲ್ಲಿ, ಮೂರೂವರೆ ದಶಕದಿಂದ ಅರೇಂಜರ್‌ಗಳ ಕೈಗೋಲಾಗಿದ್ದ ಫಿನಾಲೆ ಸಾಫ್ಟ್‌ವೇರ್ ನಿಲ್ಲಿಸುವುದಾಗಿ ಅದರ ಕಂಪನಿ ಪ್ರಕಟಿಸಿತು. ಒಂದೇ ತಂಡ, ಒಂದೇ ಸಾಫ್ಟ್‌ವೇರ್ ನಂಬಿ ಕೂತವರಿಗೆ ಎಂಥ ಪೆಟ್ಟು ಎಂದು ಯೋಚಿಸಿ.

ನಮ್ಮಲ್ಲಿ ಇಲ್ಲದ್ದೇನಲ್ಲ

ಇದೆಲ್ಲ ಫಾರಿನ್ ಕಥೆ, ನಮ್ಮ ಮಣ್ಣಿನದ್ದಲ್ಲ ಎನ್ನುವವರಿಗೆ ಒಂದು ಮಾತು. ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡ್ ನುಡಿಸುತ್ತಿದ್ದ ಧಾಟಿಗಳನ್ನು ಕೇಳಿ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಅವೇ ಇವತ್ತಿಗೂ ಸಂಗೀತ ಪಾಠದಲ್ಲಿ ಮಕ್ಕಳು ಹಾಡುವ ನೋಟುಸ್ವರಗಳು. ಬ್ಯಾಂಡ್ ಮತ್ತು ಕರ್ನಾಟಕ ಸಂಗೀತದ ನಂಟು ಅಷ್ಟು ಹಳೆಯದು. ನಮ್ಮ ಮೈಸೂರು ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಪಾಶ್ಚಾತ್ಯ ವಾದ್ಯಗೋಷ್ಠಿಯನ್ನು ಜರ್ಮನಿಯ ಆಟೊ ಸ್ಮಿತ್ ನಡೆಸುತ್ತಿದ್ದರು. ಕೃತಿಗಳನ್ನು ನುಡಿಸುವ ಕರ್ನಾಟಕ ಸಂಗೀತದ ಬ್ಯಾಂಡ್ ಕೂಡ ಇತ್ತು. ಇವತ್ತು ದಸರೆಯಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಕೇಳಲು ಜನ ಸೇರುತ್ತಾರಲ್ಲ, ಅದರಲ್ಲೂ ಇಂಗ್ಲಿಷ್ ಬ್ಯಾಂಡ್, ಕರ್ನಾಟಿಕ್ ಬ್ಯಾಂಡ್ ಎಂದು ಎರಡೂ ಇವೆ. ಕರಾವಳಿಯ ಚರ್ಚ್ ಹಬ್ಬಗಳಲ್ಲಿ, ಮದುವೆಗಳಲ್ಲಿ ಹಿತ್ತಾಳೆ ಬ್ಯಾಂಡ್ ಇಲ್ಲದಿದ್ದರೆ ಕಳೆಯೇ ಇಲ್ಲ. ಗಣರಾಜ್ಯೋತ್ಸವದ ಅಂಗವಾಗಿ ರಾಷ್ಟ್ರಮಟ್ಟದ ಶಾಲಾ ಬ್ಯಾಂಡ್ ಸ್ಪರ್ಧೆಯೂ ನಡೆಯುತ್ತದೆ.

ಇಷ್ಟೆಲ್ಲ ಬ್ಯಾಂಡ್‌ಗಳಿಗೆ ಯಾರೋ ಬರೆಯುತ್ತಲೇ ಇದ್ದಾರೆ. ಅವರ ಹೆಸರು ನಮಗೆ ಬೇಡವಾಗಿದೆ, ಅಷ್ಟೇ. ರಾಷ್ಟ್ರಗೀತೆಯನ್ನೇ ತೆಗೆದುಕೊಳ್ಳಿ. ಬರೆದವರು ಟ್ಯಾಗೋರ್, ಅವಧಿ 52 ಸೆಕೆಂಡ್ ಎಂದು ಎರಡನೇ ಕ್ಲಾಸಿನ ಮಗು ಹೇಳುತ್ತದೆ. ನೆಹರೂ ಅವರ ಕೋರಿಕೆಯಂತೆ ಅದನ್ನು ಆರ್ಕೆಸ್ಟ್ರಾಕ್ಕೆ ಹೊಂದಿಸಿದ ಇಂಗ್ಲಿಷ್ ಸಂಯೋಜಕ ಹರ್ಬರ್ಟ್ ಮರಿಲ್ ಅವರ ಹೆಸರು ಎಷ್ಟು ಜನರಿಗೆ ಗೊತ್ತು? ಯಾವ ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿನಲ್ಲೂ ನಾನಂತೂ ಅದನ್ನು ಕಂಡಿಲ್ಲ.

‘ಪ್ರಚಾರ ಸಿಗುತ್ತೆ ಬಿಡಪ್ಪ’

ಈಗ ನನ್ನ ಅನುಭವಕ್ಕೆ ಬರುತ್ತೇನೆ. ನಾಡಗೀತೆಗೆ ಸರ್ಕಾರ 2022ರಲ್ಲಿ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನು, 2 ನಿಮಿಷ 30 ಸೆಕೆಂಡ್ ಅವಧಿಯನ್ನು ನಿಗದಿ ಮಾಡಿತು. ಒಂದು ಖಾಸಗಿ ಶಾಲೆಯವರು ಅದನ್ನು ತಮ್ಮ ಬ್ಯಾಂಡ್‌ಗೆ ಹೊಂದಿಸಿ ಕೊಡಲು ಕೇಳಿದರು. ಜೊತೆಗೆ ಇನ್ನೆರಡು ಮಾರ್ಚ್ ಧಾಟಿಗಳು. ಹಣದ ಮಾತೆತ್ತಿದಾಗ ‘ನೋಡೋಣ, ಕಾರ್ಯಕ್ರಮ ಆಗಲಿ. ನಿನಗೂ ಪ್ರಚಾರ ಸಿಗುತ್ತೆ ಬಿಡಪ್ಪ’ ಎಂದರು. ಮೂರು ವಾರ ಬರೆದೆ, ನಾಲ್ಕು ಸಲ ಹೋಗಿ ಮಕ್ಕಳಿಗೆ ನುಡಿಸಿ ತೋರಿಸಿದೆ. ಬ್ಯಾಂಡ್ ಸ್ಪರ್ಧೆಯಲ್ಲಿ ಬಹುಮಾನ ಗೆದ್ದಿತು, ನನಗೂ ಖುಷಿಯೇ. ವೇದಿಕೆಯಲ್ಲಿ ಹೆಸರು ಬರಲಿಲ್ಲ. ಫೋನಿಗೆ ಉತ್ತರ ಬರುವುದು ನಿಂತಿತು. ಕೆಲವು ತಿಂಗಳ ನಂತರ ಬೇರೊಂದು ಶಾಲೆಯ ಪ್ರಾಕ್ಟೀಸ್‌ನಲ್ಲಿ ಅದೇ ನೋಟೇಷನ್‌ನ ಜೆರಾಕ್ಸ್ ನೋಡಿದೆ. ಕೆಳಗಿದ್ದ ನನ್ನ ಹೆಸರಿನ ಸಾಲಿನ ಮೇಲೆ ಬಿಳಿ ಕಾಗದ ಇಟ್ಟು ಜೆರಾಕ್ಸ್ ಮಾಡಿದ್ದರು. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ನೆನಪಾಯಿತು.

ಹಣ ಹೋದದ್ದಕ್ಕಿಂತ ಆ ಬಿಳಿ ಕಾಗದ ಹೆಚ್ಚು ನೋಯಿಸಿತು. ಯಾಕೆಂದರೆ ಫ್ರೀಲಾನ್ಸ್ ಕೆಲಸದಲ್ಲಿ ಹೆಸರೇ ಮುಂದಿನ ಕೆಲಸ. ಆ ಜೆರಾಕ್ಸ್ ನೋಡಿದ ಮಾಸ್ಟರ್ ಒಬ್ಬರು ‘ಇದನ್ನು ಬರೆದವರು ಯಾರು, ಕರೆಸಿ’ ಎನ್ನಬಹುದಿತ್ತು. ಆ ಬಾಗಿಲನ್ನೇ ಮುಚ್ಚಿಬಿಟ್ಟರು. ಪ್ರಚಾರ ಸಿಗುತ್ತದೆ ಎಂದವರೇ ಪ್ರಚಾರ ಸಿಗುವ ಒಂದೇ ಜಾಗವನ್ನು ಅಳಿಸಿದರು. ಅದೇ ಶಾಲೆ ಬ್ಯಾಂಡ್ ಸಮವಸ್ತ್ರ ಹೊಲಿದ ಟೈಲರ್‌ಗೆ, ಡ್ರಮ್‌ಗಳಿಗೆ ಚರ್ಮ ಹಾಕಿದವರಿಗೆ, ಮಕ್ಕಳನ್ನು ಕರೆದೊಯ್ದ ವ್ಯಾನ್ ಡ್ರೈವರ್‌ಗೆ ಹಣ ಕೊಟ್ಟಿದೆ. ಅವರಿಗೆ ಯಾರೂ ಪ್ರಚಾರದ ಮಾತಾಡಲಿಲ್ಲ. ಆಡಿದ್ದರೆ ವ್ಯಾನ್ ಹೊರಡುತ್ತಲೇ ಇರಲಿಲ್ಲ!

ಕಾನೂನು ಈ ಕೆಲಸವನ್ನು ಹಗುರವಾಗಿ ಕಂಡಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಂಗೀತ ಕೃತಿಯ ‘ರೂಪಾಂತರ’ ಎಂಬ ಪದದ ವ್ಯಾಖ್ಯೆಯಲ್ಲೇ ಅರೇಂಜ್‌ಮೆಂಟ್ ಸೇರಿದೆ. ಅಂದರೆ ಬೇರೆಯವರ ಹಾಡನ್ನು ಹೊಂದಿಸುವ ಹಕ್ಕು ಮೂಲತಃ ಆ ಹಾಡಿನ ಹಕ್ಕುದಾರರದ್ದು. ಇದು ನಮಗೂ ಎಚ್ಚರಿಕೆಯೇ. ಧಾರ್ಮಿಕ ವಿಧಿಯಲ್ಲಿ, ಮದುವೆ ಮೆರವಣಿಗೆಯಲ್ಲಿ, ಸರ್ಕಾರಿ ಸಮಾರಂಭದಲ್ಲಿ ಹಾಡು ನುಡಿಸಲು ಕಾಯ್ದೆ ವಿನಾಯಿತಿ ಕೊಟ್ಟಿದೆ. ಆದರೆ ಸಿನಿಮಾ ಹಾಡಿನ ನೋಟೇಷನ್ ಅನ್ನು ಪಿಡಿಎಫ್ ಮಾಡಿ ಮಾರುವುದು ಬೇರೆ ಮಾತು. ಅಮೆರಿಕದಲ್ಲಿ ಹಕ್ಕುಳ್ಳ ಹಾಡನ್ನು ಬ್ಯಾಂಡ್‌ಗೆ ಹೊಂದಿಸಲು ಹಕ್ಕುದಾರರ ಅನುಮತಿ ಪಡೆದು ಹಣ ಕಟ್ಟುತ್ತಾರೆ. ವಿಡಿಯೊದ ಹಕ್ಕು ಸಿಗದೆ ಡ್ರಮ್ ಕೋರ್ ಶೋಗಳ ರೆಕಾರ್ಡಿಂಗ್‌ನಲ್ಲಿ ಸಂಗೀತವನ್ನೇ ಮೌನಗೊಳಿಸಿದ್ದೂ ಉಂಟು. ನಮ್ಮ ಹೆಸರಿಗೆ ಗೌರವ ಕೇಳುವವರು ಮೂಲ ಸಂಯೋಜಕರ ಹಕ್ಕನ್ನೂ ಗೌರವಿಸಬೇಕು. ಸಂಯೋಜಕರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕಿನ ಅವಧಿ ಮುಗಿಯುತ್ತದೆ. ಹಾಗಾಗಿ ತ್ಯಾಗರಾಜರ, ದೀಕ್ಷಿತರ ಕೃತಿಗಳು, ಜನಪದ ಧಾಟಿಗಳು ಕಲಿಯುವವರಿಗೆ ಒಳ್ಳೆಯ ಹೊಲ.

ಕೇಳುವುದನ್ನು ಕಲಿಯೋಣ

ಈಗ ನಾನು ಕೆಲಸ ಒಪ್ಪುವ ಮೊದಲು ಒಂದು ಪುಟದ ಕಾಗದ ಕಳಿಸುತ್ತೇನೆ, ಕನ್ನಡದಲ್ಲೇ. ಎಷ್ಟು ನಿಮಿಷದ ಸಂಗೀತ, ಎಷ್ಟು ವಾದ್ಯ, ಯಾವ ದಿನ ಕೊಡುತ್ತೇನೆ, ಎರಡು ಸಲದ ತಿದ್ದುಪಡಿ ಉಚಿತ, ಮೂರನೆಯದಕ್ಕೆ ಇಷ್ಟು. ಅರ್ಧ ಹಣ ಮುಂಗಡ, ಉಳಿದದ್ದು ಪಾರ್ಟ್‌ಗಳು ಕೈಸೇರಿದ ದಿನ. ಪ್ರತಿ ಪುಟದಲ್ಲಿ ಅರೇಂಜರ್ ಹೆಸರು ಇರಬೇಕು, ಕಾರ್ಯಕ್ರಮ ಪಟ್ಟಿಯಲ್ಲೂ ಇರಬೇಕು. ಬೇರೆ ಶಾಲೆಗೆ ಕೊಡುವಂತಿಲ್ಲ. ಇದನ್ನು ನೋಡಿ ಇಬ್ಬರು ನಕ್ಕರು, ಒಬ್ಬರು ‘ಈಗಿನ ಹುಡುಗರಿಗೆ ಬರೀ ದುಡ್ಡು’ ಎಂದು ಫೋನಿಟ್ಟರು. ಉಳಿದವರು ಸಹಿ ಹಾಕಿದರು. ಈ ವರ್ಷದ ಪರೀಕ್ಷಾ ಶುಲ್ಕವನ್ನು ಅಪ್ಪನ ಹತ್ತಿರ ಕೇಳದೆ ಕಟ್ಟಿದ್ದೇನೆ.

‘ಬಡ ಶಾಲೆಗಳಿಗೂ ದುಡ್ಡು ಕೇಳುತ್ತೀಯಾ?’ ಎಂದು ಗೆಳತಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಒಂದು ಸರ್ಕಾರಿ ಪ್ರೌಢಶಾಲೆಯ ಮಕ್ಕಳಿಗೆ, ಆರು ಡ್ರಮ್, ನಾಲ್ಕು ಬ್ಯೂಗಲ್ ಇರುವ ತಂಡಕ್ಕೆ, ಉಚಿತವಾಗಿ ಬರೆದುಕೊಟ್ಟಿದ್ದೇನೆ. ವಾಲ್ವ್ ಇಲ್ಲದ ಬ್ಯೂಗಲ್‌ನಲ್ಲಿ ಬಳಕೆಗೆ ಸಿಗುವುದು ಐದಾರು ಸ್ವರ. ಅಷ್ಟರಲ್ಲೇ ಧಾಟಿ ಹೆಣೆಯುವ ಸವಾಲು ನನಗೆ ತುಂಬ ಕಲಿಸಿತು. ಆದರೆ ಅವರಿಗೂ ಬಿಲ್ ಕೊಟ್ಟೆ. ಕೆಲಸದ ಬೆಲೆ ಇಷ್ಟು, ನನ್ನ ಕಾಣಿಕೆ ಇಷ್ಟು, ಕೊಡಬೇಕಾದದ್ದು ಸೊನ್ನೆ. ಮುಖ್ಯ ಶಿಕ್ಷಕಿ ಅದನ್ನು ಫೈಲಿನಲ್ಲಿ ಇಟ್ಟುಕೊಂಡರು. ಕೊಡುವುದು ನನ್ನ ತೀರ್ಮಾನವಾಗಿರಲಿ, ಕಸಿದುಕೊಳ್ಳುವುದು ಅವರ ಅಭ್ಯಾಸವಾಗದಿರಲಿ ಎಂಬುದಷ್ಟೇ ನನ್ನ ಆಸೆ.

ಇನ್ನೊಂದು ಮಾತು ಈಗ ಎಲ್ಲರ ಬಾಯಲ್ಲೂ ಇದೆ: ‘ಎಐ ಬಂದ ಮೇಲೆ ನಿನ್ನ ಕೆಲಸ ಉಳಿಯುತ್ತಾ?’ ಧಾಟಿ ಕೊಟ್ಟರೆ ಕಂಪ್ಯೂಟರ್ ಕ್ಷಣದಲ್ಲಿ ಹಾರ್ಮನಿ ಜೋಡಿಸುವ ಕಾಲ ಬಂದಿದೆ, ಒಪ್ಪುತ್ತೇನೆ. ನಾನೂ ಸಾಫ್ಟ್‌ವೇರ್ ಬಳಸುತ್ತೇನೆ, ನಾಳೆ ಇನ್ನೂ ಹೆಚ್ಚು ಬಳಸಬಹುದು. ಆದರೆ ಹಲ್ಲಿಗೆ ಕ್ಲಿಪ್ ಹಾಕಿದ ಹುಡುಗನ ತುಟಿ, ಸಿಕ್ಕಿಹಾಕಿಕೊಳ್ಳುವ ವಾಲ್ವ್, ಇಳಿಜಾರಿನ ಮೈದಾನ ಇವನ್ನು ನೋಡಲು ಯಾರಾದರೂ ಅಲ್ಲಿಗೆ ಹೋಗಿ ಕೂರಲೇಬೇಕು. ದರ ಕೇಳುವಾಗ ನಾವು ಆ ಕೂರುವಿಕೆಗೆ, ನೋಡುವಿಕೆಗೆ ಕೇಳಬೇಕು. ಕಾಗದದ ಮೇಲಿನ ಚುಕ್ಕಿಗಳಿಗೆ ಮಾತ್ರ ಕೇಳಿದರೆ ಸೋಲುತ್ತೇವೆ.

ಕೊನೆಯದಾಗಿ ಕೆಲಸ ಹುಡುಕುತ್ತಿರುವ ಗೆಳೆಯರಿಗೆ. ನಿಮ್ಮ ಕನಸಿನ ಹಿಂದೆ ಓಡಿ, ಡಿಗ್ರಿ ಬಿಟ್ಟುಬಿಡಿ ಎಂಬ ಮೋಟಿವೇಷನ್ ಭಾಷಣ ನಾನು ಮಾಡುವುದಿಲ್ಲ. ಬ್ಯಾಂಡ್ ಕೆಲಸ ನನಗೆ ಬರುವುದು ಜೂನ್‌ನಿಂದ ಜನವರಿಯವರೆಗೆ. ಉಳಿದ ತಿಂಗಳು ಫೋನ್ ತಣ್ಣಗಿರುತ್ತದೆ. ಅದೊಂದರಿಂದಲೇ ಮನೆ ನಡೆಸಲು ಸದ್ಯಕ್ಕೆ ಆಗದು. ನಾನೂ ಮುಂದಿನ ವರ್ಷ ಪ್ಲೇಸ್‌ಮೆಂಟ್‌ಗೆ ಕೂರುತ್ತೇನೆ. ಆದರೆ ಮೊನ್ನೆ ರೆಸ್ಯೂಮೆ ತಿದ್ದುವ ತರಬೇತಿಯಲ್ಲಿ ‘ಈ ಅರೇಂಜಿಂಗ್ ಎಲ್ಲ ಹಾಬೀಸ್ ಕಾಲಂಗೆ ಹಾಕು’ ಎಂದಾಗ ನಾನು ಒಪ್ಪಲಿಲ್ಲ. ಗಡುವಿಗೆ ಸರಿಯಾಗಿ ಹದಿನಾಲ್ಕು ಕೆಲಸ ಮುಗಿಸಿದ್ದೇನೆ, ಗ್ರಾಹಕರೊಂದಿಗೆ ಮಾತಾಡಿದ್ದೇನೆ, ಬಿಲ್ ಕೊಟ್ಟಿದ್ದೇನೆ, ತಿದ್ದುಪಡಿ ಮಾಡಿದ್ದೇನೆ. ಎರಡು ತಿಂಗಳ ಇಂಟರ್ನ್‌ಷಿಪ್‌ನಲ್ಲಿ ಫೋಟೊಕಾಪಿ ತೆಗೆದದ್ದು ಅನುಭವ ಎನಿಸಿದರೆ ಇದು ಯಾಕಲ್ಲ? ‘ವೃತ್ತಿ ಅನುಭವ’ದ ಕೆಳಗೇ ಬರೆದಿದ್ದೇನೆ.

ಶುರು ಮಾಡಲು ದೊಡ್ಡ ಬಂಡವಾಳ ಬೇಡ. ಮ್ಯೂಸ್‌ಸ್ಕೋರ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಬರೆದದ್ದನ್ನು ಪಿಡಿಎಫ್ ಜೊತೆಗೆ ಮ್ಯೂಸಿಕ್ ಎಕ್ಸ್‌ಎಂಎಲ್ ರೂಪದಲ್ಲೂ ಉಳಿಸಿಕೊಳ್ಳಿ. ಸಾಫ್ಟ್‌ವೇರ್ ಮುಚ್ಚಿದರೂ ನಿಮ್ಮ ಕೆಲಸ ಬೇರೆಡೆ ತೆರೆದುಕೊಳ್ಳುತ್ತದೆ. ನಿಮ್ಮ ಹಳೆಯ ಶಾಲೆಯ ಬ್ಯಾಂಡ್ ಮಾಸ್ಟರ್ ಬಳಿ ಹೋಗಿ, ಎರಡು ಭಾನುವಾರ ಸುಮ್ಮನೆ ಕೇಳಿ. ಹತ್ತು ಮಕ್ಕಳಿಗೆ ಒಂದು ನಿಮಿಷದ ಧಾಟಿ ಬರೆಯಿರಿ. ಅವರು ನುಡಿಸುವಾಗ ಎಲ್ಲಿ ಎಡವುತ್ತಾರೆ ನೋಡಿ, ತಿದ್ದಿ.

ಶಾಲೆ, ಕಾಲೇಜು ನಡೆಸುವ ಹಿರಿಯರಿಗೂ ಒಂದು ವಿನಂತಿ. ಬ್ಯಾಂಡ್‌ನ ಬಜೆಟ್‌ನಲ್ಲಿ ಸಮವಸ್ತ್ರ, ವಾದ್ಯ, ವ್ಯಾನ್ ಇವುಗಳ ಕೆಳಗೆ ‘ಸಂಗೀತ ಹೊಂದಿಸಿದವರಿಗೆ’ ಎಂದು ಒಂದು ಸಾಲು ಸೇರಿಸಿ. ಮೊತ್ತ ಚಿಕ್ಕದಿದ್ದರೂ ಪರವಾಗಿಲ್ಲ. ಮುಂದಿನ ಆಗಸ್ಟ್ 15ರಂದು ಹಾಡಿನ ಹೆಸರು ಹೇಳುವಾಗ ಮೈಕಿನಲ್ಲಿ ಇನ್ನೊಂದು ಹೆಸರು ಹೇಳಲು ಐದು ಸೆಕೆಂಡ್ ಸಾಕು.